ಹಗ್ಗ ಹಿಡಿಯುವವಳ ಓಣಿ

ಎಲ್ಲ ಆಳಗಳ ತಳದಲ್ಲೂ ಕೂತು ನಮ್ಮ ಕಡೆಗೆ ಮುಖವೆತ್ತಿ ನೋಡುತ್ತಿರುವ ಸ್ವಾಮಿಗೆ ಮೊದಲ ನಮಸ್ಕಾರ. ಕತ್ತಲೆಗೆ ಹೆದರದ ತಾಯಿಯೂ ಕೆಸರಿಗೆ ಹೇಸದ ತಂದೆಯೂ ಆದ ಆ ಒಬ್ಬನಿಗೆ ಕೈಮುಗಿದು ಈ ಕಥೆ ಶುರುಮಾಡುತ್ತೇನೆ. ಕೇಳುವವರು ಕಾಲು ಚಾಚಿ ಕೂತುಕೊಳ್ಳಿ. ಬಾಯಾರಿದ್ದರೆ ಮೊದಲು ನೀರು ಕುಡಿಯಿರಿ. ಕಥೆಯೂ ನೀರಿನದೇ.

ಒಂದು ಊರು. ಆ ಊರಿನಲ್ಲಿ ಮಗು ಹುಟ್ಟಿದ ದಿನ ಮನೆಯ ಹಿತ್ತಿಲಿನಲ್ಲಿ ಒಂದು ಬಾವಿ ತಾನಾಗಿ ಬಾಯಿ ತೆರೆಯುತ್ತಿತ್ತು. ಯಾರೂ ಅಗೆಯುತ್ತಿರಲಿಲ್ಲ. ಮಗು ಅಳುತ್ತಿತ್ತು, ನೆಲ ಬಿರಿಯುತ್ತಿತ್ತು, ತಳದಲ್ಲಿ ನೀರು ಮಿನುಗುತ್ತಿತ್ತು. ಅಜ್ಜಿಯಂದಿರು ಬಗ್ಗಿ ನೋಡಿ ಕಟ್ಟೆಗೆ ಅರಿಸಿನ ಕುಂಕುಮ ಇಡುತ್ತಿದ್ದರು. ಹೀಗೆ ಆ ಊರಿನಲ್ಲಿ ಎಷ್ಟು ಜನವೋ ಅಷ್ಟು ಬಾವಿ. ಯಾರ ಬಾವಿ ಅವರಿಗೆ. ಯಾರ ನೀರು ಅವರ ಬಾಯಿಗೆ.

ಬೆಳಗಾದರೆ ಎಲ್ಲರೂ ತಮ್ಮ ತಮ್ಮ ಬಾವಿಯಿಂದ ಮೊದಲ ಕೊಡ ಸೇದಿ ಬೀದಿಬಾಗಿಲಿಗೆ ಚೆಲ್ಲಬೇಕು. ಹಾದುಹೋಗುವವರು ಕೇಳಬೇಕು: "ನೀರು ತಿಳಿಯೇ?" ಚೆಲ್ಲಿದವರು ಹೇಳಬೇಕು: "ತಿಳಿ. ಸ್ವಾಮಿ ದಯೆ." ಕೇಳಿದವರು ಉತ್ತರಕ್ಕೆ ಕಾದು ನಿಲ್ಲುತ್ತಿರಲಿಲ್ಲ. ಹೇಳಿದವರು ಮುಖ ಎತ್ತುತ್ತಿರಲಿಲ್ಲ. ಬೀದಿಯುದ್ದಕ್ಕೂ ಅದೇ ಪ್ರಶ್ನೆ, ಅದೇ ಉತ್ತರ, ಹಕ್ಕಿಗಳ ಕೂಗಿನ ಹಾಗೆ.

ಆದರೆ ನೀರು ಒಮ್ಮೊಮ್ಮೆ ಕದಡುತ್ತದೆ. ಕದಡಿದರೆ ಆ ಊರಿನ ಕಟ್ಟಳೆ ಒಂದೇ: ಹಲಸಿನ ಹಲಗೆಯ ಮುಚ್ಚಳ ಮಾಡಿಸಿ ಬಾವಿಯ ಬಾಯಿ ಮುಚ್ಚಬೇಕು. ಮುಚ್ಚಿದ ಬಾವಿಯ ಮಾತು ಬೀದಿಗೆ ಬರಬಾರದು. ಮನೆಯವರು ಯಾರಾದರೂ ತಮ್ಮ ಬಾವಿಯ ನೀರನ್ನೇ ತಂದು ಅವರ ಹೆಸರಿನಲ್ಲಿ ಚೆಲ್ಲಿ, ತಿಳಿ ಎನ್ನಬೇಕು.

ಆ ಊರಿನಲ್ಲಿ ಹೂ ಕಟ್ಟುವ ಒಬ್ಬ ಅಕ್ಕ ಇದ್ದಳು, ಅವಳಿಗೊಬ್ಬ ತಮ್ಮ. ತಂದೆ ತಾಯಿ ಇರಲಿಲ್ಲ. ಅಕ್ಕ ಬಾಳೆನಾರಿನಲ್ಲಿ ಹೂ ಕಟ್ಟಿ ದೇವಸ್ಥಾನಕ್ಕೆ ಕೊಡುತ್ತಿದ್ದಳು. ತಮ್ಮ ಮಂಗಳಾರತಿಯ ಹೊತ್ತಿಗೆ ಶಂಖ ಊದುತ್ತಿದ್ದ. ಅವನು ಊದಿದರೆ ಗೋಪುರದ ಪಾರಿವಾಳಗಳು ಹಾರುತ್ತಿರಲಿಲ್ಲ, ಇನ್ನಷ್ಟು ಒತ್ತಿಕೊಂಡು ಕೂರುತ್ತಿದ್ದವು. ಅಷ್ಟು ಹಿತವಾದ ಉಸಿರು ಅವನದು.

ಒಂದು ಮುಂಜಾನೆ ಆ ಉಸಿರು ಬರಲಿಲ್ಲ. ಶಂಖ ತುಟಿಗಿಟ್ಟುಕೊಂಡ, ಹಾಗೇ ನಿಂತ, ಕೆಳಗಿಟ್ಟು ಮನೆಗೆ ಬಂದ. ಅಕ್ಕ ಅವನ ಬಾವಿಗೆ ಬಗ್ಗಿ ನೋಡಿದಳು. ನೀರು ಕಪ್ಪಗಿತ್ತು. ಆಕಾಶ ಕಾಣಲಿಲ್ಲ, ಅವಳ ಮುಖವೂ ಕಾಣಲಿಲ್ಲ.

"ಏನಾಯ್ತೋ ಮರಿ? ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಅಕ್ಕ."

"ಮತ್ತೆ?"

"ಗೊತ್ತಿಲ್ಲ. ಸುಸ್ತು."

ಅಕ್ಕ ಮುಚ್ಚಳ ಮಾಡಿಸಿದಳು. ಮರುದಿನ ತನ್ನ ಬಾವಿಯ ನೀರನ್ನೇ ಒಂದು ಕೊಡ ತನಗೆ, ಒಂದು ಕೊಡ ತಮ್ಮನಿಗೆ ಎಂದು ಬಾಗಿಲಿಗೆ ಚೆಲ್ಲಿದಳು. ಪಕ್ಕದ ಮನೆಯವಳು ಹಾಲಿನ ತಂಬಿಗೆ ಹಿಡಿದು ಹಾದುಹೋದಳು. ಬೀದಿಯ ಸುದ್ದಿಯೆಲ್ಲ ಅವಳ ನಾಲಿಗೆಯ ಮೇಲೆ ಒಗ್ಗರಣೆ ಬೀಳದೆ ಮುಂದಕ್ಕೆ ಹೋಗುತ್ತಿರಲಿಲ್ಲ.

"ನೀರು ತಿಳಿಯೇ?"

"ತಿಳಿ. ಸ್ವಾಮಿ ದಯೆ."

"ತಮ್ಮನದೂ?"

"ಅವನದೂ."

"ಹಾಂ. ಶಂಖದ ಸದ್ದೇ ಇಲ್ಲವಲ್ಲ ಅಂತ ಕೇಳಿದೆ. ದೊಡ್ಡವರಾದ್ರು ಬಿಡಮ್ಮ, ದೇವರಿಗೂ ಊದಲ್ಲ." ಎಂದು ನಕ್ಕು ಹೋದಳು. ಅವಳ ಹಿತ್ತಿಲಿನ ಒಂದು ಬಾವಿಯ ಬಾಯಿಯ ಮೇಲೆ ಬಹಳ ಕಾಲದಿಂದ ದೊಡ್ಡದೊಂದು ದಾಸವಾಳದ ಕುಂಡ ಇತ್ತು. ಅದರ ಮಾತು ಯಾರೂ ಎತ್ತುತ್ತಿರಲಿಲ್ಲ.

ತಮ್ಮ ಊಟ ಬಿಟ್ಟ. ಸ್ನಾನ ಬಿಟ್ಟ. ಮುಚ್ಚಳದ ಪಕ್ಕದಲ್ಲಿ ಗೋಡೆಗೆ ಒರಗಿ ಕೂತು ಹಲಸಿನ ಹಲಗೆಯ ಗೆರೆಗಳನ್ನು ನೋಡುತ್ತಿದ್ದ. ಅಕ್ಕ ಹೆದರಿದಳು. ಹೆದರಿ, ಆ ಊರಿನವರು ಹೆದರಿದಾಗ ಮಾಡುವುದನ್ನೇ ಮಾಡಿದಳು. ನೆಂಟರಿಗೆ ಗುಟ್ಟಾಗಿ ಹೇಳಿಕಳಿಸಿ ಸುರಿಯುವ ಶಾಸ್ತ್ರ ಇಟ್ಟುಕೊಂಡಳು.

ಆ ಶಾಸ್ತ್ರ ಹೀಗೆ. ಬೀದಿಬಾಗಿಲು ಹಾಕಿಕೊಂಡು ರಕ್ತಸಂಬಂಧಿಗಳು ಒಬ್ಬೊಬ್ಬರಾಗಿ ತಮ್ಮ ಬಾವಿಯ ತಿಳಿನೀರು ಕೊಡದಲ್ಲಿ ತರಬೇಕು. ಮುಚ್ಚಳ ಇಷ್ಟೇ ಇಷ್ಟು ಸರಿಸಿ, ಒಳಗೆ ನೋಡದೆ ಸುರಿಯಬೇಕು. ಸುರಿಯುವಾಗ ಒಂದು ಒಳ್ಳೆ ಮಾತು ಹೇಳಬೇಕು.

ದೊಡ್ಡಪ್ಪ ಸುರಿದು ಹೇಳಿದ: "ಗಂಡಸು ಕಣೋ ನೀನು. ಧೈರ್ಯ ತಂದ್ಕೋ."

ಅತ್ತೆ ಸುರಿದು ಹೇಳಿದಳು: "ಒಂದು ಹೆಣ್ಣು ನೋಡಿ ಮದುವೆ ಮಾಡಿದ್ರೆ ತಾನೇ ಸರಿಹೋಗ್ತಾನೆ."

ಚಿಕ್ಕಪ್ಪ ಸುರಿದು ಹೇಳಿದ: "ಕೈತುಂಬ ಕೆಲಸ ಇದ್ರೆ ಇದೆಲ್ಲ ಬರಲ್ಲ. ನನ್ನನ್ನ ನೋಡು."

ಸೋದರಮಾವ ಸುರಿದು, ಮುಖ ಒರೆಸಿಕೊಂಡು ಹೇಳಿದ: "ನಿನಗೇನು ಕಡಿಮೆಯಾಗಿದೆ ಅಂತ ಹೀಗೆ ಕೂತಿದ್ದೀಯ?"

ಕೊನೆಗೆ ಅಕ್ಕ ಸುರಿದಳು. ಅವಳ ಕೊಡ ಎಲ್ಲರದಕ್ಕಿಂತ ದೊಡ್ಡದು. "ನನಗೋಸ್ಕರ ನಗೋ ಮರಿ," ಎಂದಳು.

ತಮ್ಮ ನಕ್ಕ. ಆ ನಗು ನೋಡಲಾರದೆ ಅಕ್ಕ ಮುಖ ತಿರುಗಿಸಿದಳು.

ನೀರು ತಿಳಿಯಾಗಲಿಲ್ಲ, ಮೇಲೇರಿತು, ಅಷ್ಟೆ. ನೆಂಟರು ಮತ್ತೆ ಬಂದರು, ಮತ್ತೆ ಸುರಿದರು. ಕಪ್ಪು ನೀರು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದು ಮುಚ್ಚಳದ ಅಡಿಯನ್ನು ನೆಕ್ಕಿತು. ಆ ಮಾತುಗಳನ್ನು ಕೇಳಲಾಗದೆ ತಮ್ಮನು ಕಿವಿಯ ಮೇಲೆ ಕೈ ಇಟ್ಟುಕೊಂಡ. ಮಾತಾಡುವುದನ್ನೂ ಬಿಟ್ಟ.

ಬಾವಿಗಿಳಿಯುವವಳು ಒಬ್ಬಳಿದ್ದಾಳೆ ಎಂದು ಅಕ್ಕ ಎಲ್ಲೋ ಕೇಳಿದ್ದಳು. ಕದಡಿದ ಬಾವಿಯ ವೈದ್ಯೆ. ಎಲ್ಲಿದ್ದಾಳೆ ಎಂದು ದೊಡ್ಡಪ್ಪನನ್ನು ಕೇಳಿದಳು. ದೊಡ್ಡಪ್ಪ ಎದ್ದು ಕಿಟಕಿ ಹಾಕಿದ.

"ಮೆಲ್ಲಗೆ ಮಾತಾಡೇ! ಅವಳು ಹುಚ್ಚರ ಬಾವಿಗೆ ಬೀಗ ಜಡಿಯೋಳು. ನಮ್ಮ ಮನೆಯಲ್ಲಿ ಹುಚ್ಚರಿದ್ದಾರಾ?"

ಅತ್ತೆ ಹೇಳಿದಳು: "ಅವಳು ಕೊಡೋ ಬೀಜ ತಿಂದೋರು ಆಯುಷ್ಯವೆಲ್ಲ ತೂಕಡಿಸ್ತಾನೇ ಇರ್ತಾರಂತೆ. ಬೇಡಮ್ಮ."

ಚಿಕ್ಕಪ್ಪ ಹೇಳಿದ: "ಒಳಗಿಳಿದು ನೋಡಿದ್ದನ್ನೆಲ್ಲ ಬೀದೀಲಿ ಡಂಗುರ ಹೊಡೀತಾಳೆ. ಅದೂ ಅಲ್ಲದೆ ನಮ್ಮೂರಲ್ಲಿ ಅಂಥವರು ಯಾರೂ ಇಲ್ಲ. ಹೊಳೆ ಆಚೆ ಊರಲ್ಲಿ ಇರಬಹುದು."

ಸ್ವಾಮಿಯ ಮುಂದೆ ತುಪ್ಪದ ದೀಪ ಹಚ್ಚಿ, ತಮ್ಮನನ್ನು ಸೋದರಮಾವನಿಗೆ ಒಪ್ಪಿಸಿ, ಅಕ್ಕ ಹೊಳೆ ದಾಟಿದಳು. ಆಚೆ ಊರಿನಲ್ಲೂ ಬಾವಿಗಳು, ಅಲ್ಲೂ ಹಲಸಿನ ಮುಚ್ಚಳಗಳು. "ಬಾವಿ ವೈದ್ಯೆಯ ಮನೆ ಯಾವುದು?" ಎಂದು ಕೇಳಿದರೆ ಜನ ಅತ್ತಿತ್ತ ನೋಡಿದರು. "ನಮ್ಮೂರಲ್ಲಿ ಅಂಥವರು ಇಲ್ಲಮ್ಮ. ಗುಡ್ಡದ ಆಚೆ ಊರಲ್ಲಿ ಕೇಳಿ." ಗುಡ್ಡದ ಆಚೆ ಊರಿನವರು ಬಯಲಿನ ಆಚೆ ಊರು ತೋರಿಸಿದರು. ಬಯಲಿನ ಆಚೆ ಊರಿನಲ್ಲಿ ಒಬ್ಬ ಮುದುಕಿ ರಾಗಿ ಬೀಸುತ್ತಾ ಕೂತಿದ್ದಳು. ಅಕ್ಕನ ಕಾಲಿನ ಬೊಬ್ಬೆ ನೋಡಿ ಕಲ್ಲು ನಿಲ್ಲಿಸಿದಳು.

"ಎಲ್ಲಿಂದ ಬಂದ್ಯವ್ವ?"

ಅಕ್ಕ ಊರಿನ ಹೆಸರು ಹೇಳಿ, ಬಾವಿ ವೈದ್ಯೆಯನ್ನು ಹುಡುಕಿ ಬಂದೆ ಎಂದಳು.

"ಅಯ್ಯೋ ನನ್ನ ತಾಯಿ! ಆಯಮ್ಮ ಇರೋದು ನಿಮ್ಮೂರಲ್ಲೇ ಅಂತ ಅಲ್ವಾ ನಾವು ಅನ್ಕೊಂಡಿರೋದು!"

ಅಕ್ಕ ಅಲ್ಲೇ ಮಣ್ಣಿನಲ್ಲಿ ಕುಸಿದಳು. ಎಲ್ಲ ಊರಿನವರಿಗೂ ಅವಳು ಇನ್ನೊಂದು ಊರಿನವಳು. ಹಾಗಾದರೆ ಅವಳು ಎಲ್ಲೂ ಇಲ್ಲ. ಇಷ್ಟು ದಾರಿ ತುಳಿದದ್ದು ಎಲ್ಲೂ ಇಲ್ಲದವಳಿಗಾಗಿ. "ಸ್ವಾಮಿ, ನನ್ನ ಬಾವಿ ತಗೋ, ಅವನ ಬಾವಿ ಬಿಡು," ಎಂದು ಅತ್ತಳು. ಸ್ವಾಮಿ ಅಂಥ ವ್ಯಾಪಾರ ಮಾಡುವವನಲ್ಲ. ಆದರೆ ಆಗ ಅವಳಿಗೆ ಅದು ತಿಳಿಯುವ ಹಾಗಿರಲಿಲ್ಲ.

ಮನೆಗೆ ಬಂದಾಗ ನಡುಮಧ್ಯಾಹ್ನ. ಸೋದರಮಾವ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಹಿತ್ತಿಲಿಗೆ ಓಡಿದಳು. ಮುಚ್ಚಳ ಒಂದು ಕಡೆ ಬಿದ್ದಿತ್ತು. ತಮ್ಮ ಕಟ್ಟೆಯ ಮೇಲೆ ಕೂತು ಎರಡೂ ಕಾಲು ಕಪ್ಪು ನೀರಿಗೆ ಇಳಿಬಿಟ್ಟಿದ್ದ. ನೀರು ಮೊಣಕಾಲು ಮುಚ್ಚಿತ್ತು. ಅವನು ತಿರುಗಲೂ ಇಲ್ಲ.

ಅಕ್ಕ ಕೂಗಲಿಲ್ಲ. ಕೂಗಿದರೆ ಏನಾಗುತ್ತದೋ ಎಂಬ ಭಯ. ಮೆಲ್ಲಗೆ ಹಿಂದಿನಿಂದ ಬಂದು ಎರಡೂ ತೋಳಿನಿಂದ ಅವನ ಎದೆ ತಬ್ಬಿ ಹಿಂದಕ್ಕೆಳೆದಳು. ಅವನು ಬಂದ, ಒದ್ದೆ ಬಟ್ಟೆಯ ಗಂಟಿನ ಹಾಗೆ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಾಳೆನಾರು ತೆಗೆದು ಒಂದು ತುದಿ ಅವನ ಮಣಿಕಟ್ಟಿಗೆ, ಇನ್ನೊಂದು ತುದಿ ತನ್ನ ಮಣಿಕಟ್ಟಿಗೆ ಕಟ್ಟಿದಳು. ಹೂವಿಗೆ ಹಾಕುವ ಗಂಟು. ಹೂವಿಗೆ ನೋವಾಗದ, ಆದರೆ ಜಾರದ ಗಂಟು.

"ಬಾ," ಎಂದಳು. ಎಲ್ಲಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಕಾಲುಗಳು ದೇವಸ್ಥಾನದ ಕಡೆ ನಡೆದವು.

ಮಧ್ಯಾಹ್ನದ ಪೂಜೆಗೆ ಜನ ಸೇರಿದ್ದರು. ಅರ್ಚಕರು ತಾವೇ ಶಂಖ ಊದಿ ಏದುಸಿರು ಬಿಡುತ್ತಾ ಹೊರಗೆ ಬಂದರು. ಅಕ್ಕತಮ್ಮಂದಿರನ್ನು ಕಂಡು ಅವರ ಮುಖ ಅರಳಿತು.

"ಬಂದೆಯೇನೋ ಮಹಾರಾಯ! ನಾನು ಊದಿದ್ರೆ ಎಮ್ಮೆ ಕರು ಹಾಕಿದ ಹಾಗೆ ಕೇಳತ್ತೆ. ಸ್ವಾಮಿ ಕಿವಿ ಮುಚ್ಕೊಂಡಿದ್ದಾನೆ." ಆಮೇಲೆ ವಾಡಿಕೆಯಂತೆ ಅಕ್ಕನ ಕಡೆ ತಿರುಗಿ, "ನೀರು ತಿಳಿಯೇನಮ್ಮ?" ಎಂದರು.

ಅಕ್ಕ ಬಾಯಿ ತೆರೆದಳು. ನಾರು ಕಟ್ಟಿದ ತಮ್ಮನ ಕೈ ನೋಡಿದಳು.

"ತಿಳಿ ಅಲ್ಲ," ಎಂದಳು. "ತಿಳಿ ಅಲ್ಲ! ಕಪ್ಪಗಿದೆ. ಕಟ್ಟೆಯವರೆಗೂ ಬಂದಿದೆ. ನನ್ನ ತಮ್ಮ ಹೋಗಿಬಿಡ್ತಾನೆ. ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ನಿಮ್ಮ ದಮ್ಮಯ್ಯ!"

ಗಂಟೆ ಬಾರಿಸುತ್ತಿದ್ದವನ ಕೈ ನಿಂತಿತು. ತೀರ್ಥಕ್ಕೆ ಚಾಚಿದ ಕೈಗಳು ಹಾಗೇ ಗಾಳಿಯಲ್ಲಿ ಉಳಿದವು. ಆ ಊರು ಹುಟ್ಟಿದಾಗಿನಿಂದ ಆ ಪ್ರಶ್ನೆಗೆ ಆ ಉತ್ತರ ಯಾರೂ ಕೊಟ್ಟಿರಲಿಲ್ಲ. ಪಕ್ಕದ ಮನೆಯವಳೂ ಅಲ್ಲಿದ್ದಳು. ಒಬ್ಬೊಬ್ಬರಾಗಿ ಎಲ್ಲರೂ ನೆಲ ನೋಡಿದರು.

ಅರ್ಚಕರು ತೀರ್ಥದ ಬಟ್ಟಲು ಕೆಳಗಿಟ್ಟರು. "ಬನ್ನಿ ನನ್ನ ಜೊತೆ," ಎಂದರು.

ಗರ್ಭಗುಡಿಯ ಹಿಂದೆ ಒಂದು ಸಣ್ಣ ಓಣಿ ಇತ್ತು. ಹೂ ಕೊಡಲು ಅಷ್ಟು ಸಲ ಬಂದಿದ್ದ ಅಕ್ಕ ಅದರೊಳಗೆ ಕಾಲಿಟ್ಟಿರಲಿಲ್ಲ. ಊರಿನ ಮನೆಗಳ ಬೆನ್ನೆಲ್ಲ ಆ ಓಣಿಗೆ. ಬಿರುಬೇಸಿಗೆಯಲ್ಲೂ ಅಲ್ಲಿಯ ನೆಲ ಒದ್ದೆಯಾಗಿತ್ತು. ಬಾವಿ ವೈದ್ಯೆಗೆ ತೋರಿಸಲೆಂದು ಸೆರಗಿನಡಿ, ಪಂಚೆಯಡಿ ಮುಚ್ಚಿ ತಂದ ಕೊಡಗಳಿಂದ ತುಳುಕಿದ ನೀರು. ದಾರಿಯುದ್ದಕ್ಕೂ ಹಸಿ ಹೆಜ್ಜೆಗಳು, ದೊಡ್ಡವರವು, ಚಿಕ್ಕವರವು, ಕಾಲುಂಗುರದ ಗುರುತಿನವು.

"ಇಷ್ಟು ಜನ ಬರ್ತಾರಾ?" ಎಂದಳು ಅಕ್ಕ. "ಯಾರೂ ಹೇಳಲಿಲ್ಲ! ನಾನು ಬಯಲಿನ ಆಚೆವರೆಗೂ ಹೋಗಿ ಬಂದೆ."

"ಹೇಳಬೇಕಾಗಿತ್ತು," ಎಂದರು ಅರ್ಚಕರು. "ನಾನೂ ಬರ್ತೀನಿ ಕಣಮ್ಮ. ನನ್ನವಳು ತೀರಿಕೊಂಡ ಮೇಲೆ."

"ನೀವು? ಸ್ವಾಮಿ ಪಾದದಲ್ಲೇ ಇರೋರು?"

"ಮೊದಲು ಅವನ ಹತ್ರಾನೇ ಅತ್ತಿದ್ದು. ಅವನೇ ಈ ಓಣಿಗೆ ದೂಡಿದ. ಅವನಿಗೆ ಕೈ ಒಂದೇ ಅಂತ ಅನ್ಕೊಂಡಿದ್ದೀಯಾ?"

ಓಣಿಯ ತುದಿಯಲ್ಲಿ ಸಾಧಾರಣ ಮನೆ. ಬೀಗಗಳಿರಲಿಲ್ಲ, ಸರಪಳಿಗಳಿರಲಿಲ್ಲ. ಒಂದು ಕಿಟಕಿ, ನಾಲ್ಕಾರು ಬೆತ್ತದ ಕುರ್ಚಿ, ಗೋಡೆಯ ಗೂಟಕ್ಕೆ ನೇತುಹಾಕಿದ ತೆಂಗಿನನಾರಿನ ಹಗ್ಗ. ಕೂದಲು ಅಲ್ಲಲ್ಲಿ ನರೆತ ಒಬ್ಬ ಹೆಂಗಸು ಎದ್ದು ಬಂದಳು. ಇವಳೇ ಬಾವಿ ವೈದ್ಯೆ. ಬಾಳೆನಾರಿನ ಗಂಟು ನೋಡಿದಳು, ಬಿಚ್ಚಿ ಎನ್ನಲಿಲ್ಲ.

"ಕೂತ್ಕೊಳ್ಳಿ. ಏನಾಗ್ತಿದೆ ಹೇಳಿ," ಎಂದಳು ತಮ್ಮನಿಗೆ.

ಅಕ್ಕ ಶುರುಮಾಡಿದಳು: "ಅವನು ಊಟ ಮಾಡಲ್ಲ, ಮಾತಾಡಲ್ಲ, ಮೊದಲು ಹೀಗಿರಲಿಲ್ಲ..."

"ಅಮ್ಮಾ, ನಿಮ್ಮದನ್ನೂ ಕೇಳ್ತೀನಿ. ಈಗ ಅವರು ಹೇಳಲಿ."

"ಅವನು ಹೇಳಲ್ಲ."

"ಕಾಯೋಣ."

ಕಾದರು. ಕಿಟಕಿಯ ಬಿಸಿಲು ನೆಲದ ಮೇಲೆ ಹಾಸುಗಲ್ಲಿನಿಂದ ಹಾಸುಗಲ್ಲಿಗೆ ಸರಿಯಿತು. ಇಷ್ಟು ಹೊತ್ತು ಒಳ್ಳೆ ಮಾತು ಹೇಳದೆ ತಮ್ಮನ ಎದುರು ಕೂತವರನ್ನು ಅಕ್ಕ ಕಂಡಿರಲಿಲ್ಲ. ಕೊನೆಗೆ ವೈದ್ಯೆಯೇ, ಹಸಿವಾಗಿದೆಯೇ ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು:

"ಬಾವಿಗೆ ಇಳಿದುಬಿಡೋಣ, ಮತ್ತೆ ಮೇಲೆ ಬರೋದೇ ಬೇಡ ಅಂತ ಅನಿಸತ್ತಾ?"

ಆ ಮಾತನ್ನು ಅಕ್ಕ ಮನಸ್ಸಿನಲ್ಲೂ ಆಡಿರಲಿಲ್ಲ. ಆಡಿದರೆ ಅದೇ ಅವನನ್ನು ತಳ್ಳಿಬಿಡುತ್ತದೆ ಎಂದು ನಂಬಿದ್ದಳು. ವೈದ್ಯೆಯ ಬಾಯಿ ಮುಚ್ಚಲು ಕೈ ಎತ್ತಿದಳು. ಕೈಯ ಜೊತೆ ನಾರು ಎಳೆಯಿತು, ನಾರಿನ ಜೊತೆ ತಮ್ಮನ ಕೈ ಮೇಲೆದ್ದಿತು.

"ಅನಿಸತ್ತೆ," ಎಂದ ತಮ್ಮ. ತುಕ್ಕು ಹಿಡಿದ ರಾಟೆ ತಿರುಗಿದಂಥ ಧ್ವನಿ. "ದಿನಾ ಅನಿಸತ್ತೆ. ಇವತ್ತೂ ಅನಿಸ್ತು."

"ಯಾರಿಗಾದ್ರೂ ಹೇಳಿದ್ರಾ?"

"ಯಾರೂ ಕೇಳಲಿಲ್ಲ."

ಆಮೇಲೆ ಅವನು ಅತ್ತ. ಇಷ್ಟು ಕಾಲ ಕಣ್ಣು ಒಣಗಿಸಿಕೊಂಡು ಕೂತಿದ್ದವನು ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ಅತ್ತ. ಅಕ್ಕನೂ ಜಾರಿ ಅವನ ಪಕ್ಕದಲ್ಲಿ ಕೂತಳು. ವೈದ್ಯೆ ಅಳಬೇಡಿ ಎನ್ನಲಿಲ್ಲ. ಒಂದು ಲೋಟ ನೀರು ತಂದು ಹತ್ತಿರ ಇಟ್ಟಳು.

ಬಿಸಿಲು ಇಳಿಯುವ ಮುಂಚೆ ವೈದ್ಯೆ ಹಗ್ಗ ಹೆಗಲಿಗೆ ಹಾಕಿಕೊಂಡು ಅವರ ಹಿತ್ತಿಲಿಗೆ ಬಂದಳು. ಅಕ್ಕ ದಾರಿಯಲ್ಲಿ ಹೆದರುತ್ತ ಕೇಳಿದಳು: "ಬೀಗ ಹಾಕ್ತೀರಾ?"

"ಇಲ್ಲ. ತೀರಾ ಅಪಾಯ ಅನ್ನಿಸಿದ್ರೆ ಕೆಲವು ದಿನ ನಮ್ಮ ಮನೆಯಲ್ಲೇ ಇಟ್ಕೊಂಡು ನೋಡ್ಕೋಬೇಕಾಗತ್ತೆ. ಗುಣ ಆದಮೇಲೆ ಮನೆಗೇ ಬರ್ತಾರೆ."

"ಒಳಗಿರೋದನ್ನ ಊರಿಗೆ ಹೇಳ್ತೀರಾ?"

"ಅರ್ಚಕರು ಬರ್ತಾರೆ ಅಂತ ನಿಮಗೆ ಯಾರು ಹೇಳಿದ್ರು, ನಾನಾ?"

ಅಕ್ಕ ಹೆಜ್ಜೆ ಬೇಗ ಹಾಕಿದಳು.

ಬಾವಿಯ ಬಳಿ ವೈದ್ಯೆ ದೀಪ ಹಚ್ಚಿ ಹಗ್ಗದ ತುದಿಗೆ ಕಟ್ಟಿ ನೀರಿಗೆ ತುಸು ಮೇಲೆ ಹಿಡಿದಳು. ಕುಡಿ ನಡುಗಿ, ಬಗ್ಗಿ, ಆರಿಹೋಯಿತು.

"ಒಳಗಿನ ಗಾಳಿ ಕೆಟ್ಟಿದೆ. ಈಗ ಯಾರೂ ಇಳಿಯಬಾರದು," ಎಂದಳು. ಬೊಗಸೆಯಲ್ಲಿ ನೀರು ತೆಗೆದು ನೋಡಿದಳು. "ಇದರಲ್ಲಿ ಇವರ ನೀರು ಸ್ವಲ್ಪವೇ. ಉಳಿದದ್ದು ಯಾರದು?"

ಅಕ್ಕ ತಲೆ ತಗ್ಗಿಸಿದಳು. "ನಾವು ಸುರಿದದ್ದು. ನಾನೂ ಸುರಿದೆ. ದೊಡ್ಡ ಕೊಡ."

"ಪ್ರೀತಿಯಿಂದಲೇ ಸುರಿದಿದ್ದೀರಿ. ಈಗ ಅದನ್ನ ಸೇದಿ ಹೊರಗೆ ಹಾಕೋಣ."

ಸೇದಿದರು. ದೊಡ್ಡಪ್ಪನ ಧೈರ್ಯ, ಅತ್ತೆಯ ಮದುವೆ, ಚಿಕ್ಕಪ್ಪನ ಕೆಲಸ, ಎಲ್ಲ ಕೊಡ ಕೊಡವಾಗಿ ಹೂಗಿಡಗಳ ಪಾತಿಗೆ ಹೋಯಿತು. ಎದ್ದು ಬಂದ ಸೋದರಮಾವನೂ ಮಾತಿಲ್ಲದೆ ಹಗ್ಗಕ್ಕೆ ಕೈ ಹಾಕಿದ. ಆಮೇಲೆ ವೈದ್ಯೆ ಸೆರಗಿನಿಂದ ಚಿಲ್ಲದ ಬೀಜ ತೆಗೆದಳು. ಕೆಸರುನೀರು ತಿಳಿಯಾಗಲೆಂದು ಮಡಕೆಯ ಒಳಮೈಗೆ ತೇಯುತ್ತಾರಲ್ಲ, ಅದೇ ಬೀಜ. ತೇಯ್ದು ನೀರಿಗೆ ಬಿಟ್ಟಳು.

"ಇದನ್ನ ದಿನಾ ತೇಯಬೇಕು. ಇದು ನೀರನ್ನ ಸಿಹಿ ಮಾಡಲ್ಲ, ಬೇರೆ ನೀರೂ ಮಾಡಲ್ಲ. ಕದಡಿದ್ದು ತಳಕ್ಕೆ ಕೂರತ್ತೆ, ಅಷ್ಟೇ. ಮೊದಮೊದಲು ತೂಕಡಿಕೆ ಬರಬಹುದು, ಬಾಯಿ ಒಣಗಬಹುದು. ನನಗೆ ಹೇಳಿ, ಬೀಜ ಬದಲಾಯಿಸ್ತೀನಿ. ತಿಳಿಯಾಯ್ತು ಅಂತ ನೀವಾಗಿ ನಿಲ್ಲಿಸಬೇಡಿ."

"ಆಮೇಲೆ ನೀವು ಇಳೀತೀರಾ?" ಎಂದ ತಮ್ಮ.

"ನಾನಾ? ನಿಮ್ಮ ಬಾವಿಗೆ ನಾನು ಹೇಗಪ್ಪಾ ಇಳಿಯಲಿ? ಗಾಳಿ ಸರಿಹೋದ ಮೇಲೆ ನೀವೇ ಇಳೀಬೇಕು, ಒಂದೊಂದೇ ಮೆಟ್ಟಿಲು. ಹಗ್ಗ ನಾನು ಹಿಡೀತೀನಿ. ಮಾತಾಡ್ತಾ ಇರ್ತೀನಿ. ಸಾಕು ಅಂದ ತಕ್ಷಣ ಎಳ್ಕೋತೀನಿ."

ತಮ್ಮ ಆ ಹಗ್ಗವನ್ನು ಮುಟ್ಟಿ ನೋಡಿದ. ಬಾಳೆನಾರಿನ ಗಂಟು ಬಿಚ್ಚುವ ಮುಂಚೆ ವೈದ್ಯೆ ಅಕ್ಕನಿಗೂ ಸೋದರಮಾವನಿಗೂ ಹೇಳಿದಳು, ಇವರನ್ನು ಈಗ ಒಂಟಿಯಾಗಿ ಬಿಡಬೇಡಿ, ಸರದಿಯಲ್ಲಿ ಜೊತೆಗೆ ಕೂತಿರಿ, ಬುದ್ಧಿ ಹೇಳಬೇಡಿ, ನಾಳೆ ಮತ್ತೆ ಕರೆತನ್ನಿ.

ಕೇಳುವವರೇ, ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಎಂದು ಹೇಳಿ ನಿಮ್ಮನ್ನು ಸಂತೋಷಪಡಿಸಲಾರೆ. ಮತ್ತೆ ಮತ್ತೆ ನೀರು ಕಪ್ಪಾಯಿತು. ತಮ್ಮ ಬೀಜ ತೇಯುವ ಕಲ್ಲನ್ನು ಒಮ್ಮೆ ಎಸೆದ. ಅಕ್ಕ ದೇವರಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆದರೂ ಆ ಓಣಿಯ ಹಸಿ ನೆಲದ ಮೇಲೆ ಅವರಿಬ್ಬರ ಹೆಜ್ಜೆ ತಪ್ಪಲಿಲ್ಲ. ದೀಪ ಒಂದು ದಿನ ಆರದೆ ಉಳಿಯಿತು. ತಮ್ಮ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ, ಹತ್ತಿದ, ಇಳಿದ. ಮೇಲೆ ಬಂದವನ ಕೈಯೆಲ್ಲ ಕೆಸರು.

"ತಳದಲ್ಲಿ ಏನಿತ್ತೋ?" ಎಂದಳು ಅಕ್ಕ. ಹಾವೋ ಭೂತವೋ ಯಾರದೋ ಶಾಪವೋ ಎಂದು ಹೆದರಿದ್ದಳು.

"ಕೆಸರು ಅಕ್ಕ. ಬರೀ ಕೆಸರು."

ಮರುದಿನ ಮುಂಜಾನೆ ಅಕ್ಕ ಹಲಸಿನ ಮುಚ್ಚಳವನ್ನು ಹೊತ್ತು ತಂದು ಬೀದಿಬಾಗಿಲ ಪಕ್ಕದಲ್ಲಿ ಎರಡು ಕಲ್ಲಿನ ಮೇಲೆ ಮಂಚದ ಹಾಗೆ ಹಾಸಿದಳು. ಆಮೇಲೆ ಒಂದು ಕೊಡ ತನ್ನ ಬಾವಿಯದು, ಒಂದು ಕೊಡ ತಮ್ಮನ ಬಾವಿಯದೇ, ಎಲ್ಲರ ಕಣ್ಣೆದುರಿಗೆ ಚೆಲ್ಲಿದಳು. ಎರಡನೆಯದು ಕಂದುಬಣ್ಣಕ್ಕೆ ಹರಿದು ಬೀದಿಯ ನಡುವಿನವರೆಗೆ ಹೋಯಿತು. ಪಕ್ಕದ ಮನೆಯವಳು ಹಾಲಿನ ತಂಬಿಗೆಯೊಂದಿಗೆ ಬಂದವಳು ಅದನ್ನು ತುಳಿಯದೆ ನಿಂತಳು.

"ನೀರು ತಿಳಿಯೇ?"

"ನನ್ನದು ತಿಳಿ. ಅವನದು ಇನ್ನೂ ಕದಡಿದೆ. ಆದ್ರೆ ತಳ ಕಾಣ್ತಿದೆ. ಸ್ವಾಮಿ ದಯೆ."

ಆಗಲೇ ದೇವಸ್ಥಾನದಿಂದ ಅರ್ಚಕರ ಶಂಖ ಕೇಳಿಸಿತು. ಕೆಮ್ಮಿತು, ಒಡೆಯಿತು, ಎಲ್ಲಿಗೋ ಹೋಯಿತು. ಹಿತ್ತಿಲಿನಿಂದ, ರಾಟೆಯ ಕಿರುಗುಟ್ಟುವಿಕೆಯ ನಡುವೆ ತಮ್ಮನ ಧ್ವನಿ ಬಂತು: "ಅಕ್ಕಾ, ಯಾರಾದ್ರೂ ಆ ಶಂಖಾನ ಅವರ ಕೈಯಿಂದ ಕಿತ್ಕೊಳ್ರೇ! ಪಾರಿವಾಳಗಳು ಊರು ಬಿಟ್ಟು ಹೋಗ್ತವೆ."

ಅಕ್ಕ ಕೊಡವನ್ನು ಎದೆಗೊತ್ತಿ ಹಿಡಿದಳು.

ಪಕ್ಕದ ಮನೆಯವಳು ನಗಲಿಲ್ಲ. ಮುಚ್ಚಳದ ಮೇಲೆ ಮೆಲ್ಲಗೆ ಕೂತಳು. ತಂಬಿಗೆ ಪಕ್ಕಕ್ಕಿಟ್ಟಳು. ಬಹಳ ಹೊತ್ತು ಹಲಸಿನ ಹಲಗೆಯನ್ನು ಬೆರಳಿನಿಂದ ಸವರುತ್ತಿದ್ದಳು.

"ನನ್ನ ಮಗಳದು," ಎಂದಳು ಕೊನೆಗೆ. "ದಾಸವಾಳದ ಕುಂಡದ ಅಡಿ. ಆ ಓಣಿ ಎಲ್ಲಿ ಬರತ್ತೆ, ಹೂವಿನವಳೇ?"

ಅಕ್ಕ ಸೊಂಟದಿಂದ ಬಾಳೆನಾರು ತೆಗೆದಳು. "ಮೊದಲು ಮಗಳನ್ನ ಕರ್ಕೊಂಡು ಬಾ," ಎಂದಳು. "ನಾನು ಬರ್ತೀನಿ ಜೊತೆಗೆ. ಬೀದಿಯಲ್ಲೇ ಹೋಗೋಣ."

ಈ ಕಥೆ ಕೇಳಿದವರ ಬಾವಿ ತುಂಬಿರಲಿ. ಕದಡಿದವರ ಗಾಳಿ ಸರಿಹೋಗಲಿ, ದೀಪ ಆರದಿರಲಿ. ಸುರಿಯಲು ಹೊರಟ ಕೈಗಳಿಗೆ ಸ್ವಾಮಿ ಹಗ್ಗ ಕೊಡಲಿ. ಕಟ್ಟೆಯ ಮೇಲೆ ಒಂಟಿಯಾಗಿ ಕೂತವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಅಪ್ಪಾ, ಅವ್ವಾ, ಓಣಿ ನಿಮ್ಮೂರಲ್ಲೇ ಇದೆ. ಯಾರನ್ನಾದರೂ ಕೂಗಿ ಕರೆಯಿರಿ. ಆ ಕೂಗಿಗೆ ಓಗೊಡುವ ಒಬ್ಬರನ್ನು ಸ್ವಾಮಿ ನಿಮ್ಮ ಬಾಗಿಲ ಹತ್ತಿರವೇ ಇಟ್ಟಿರಲಿ. ನಿಮಗೂ ನಿಮ್ಮವರಿಗೂ ಒಳ್ಳೆಯದಾಗಲಿ.